ಕಾಕಾ ಅವರ ರಿವಾಲ್ವರೂ ಸಿಗದ ವೈರಿಯೂ

ಬೀದರಿನ ಗಾಂಧಿ ಗಂಜ್‌ನಲ್ಲಿ ತೊಗರಿ, ಕಡಲೆಯ ಅಡತಿ ಅಂಗಡಿ ನಡೆಸುವ ನಮ್ಮ ಕಾಕಾ ಅವರಿಗೆ ರಿವಾಲ್ವರ್ ಬೇಕೆನ್ನಿಸಿದ್ದು, ಸುಗ್ಗಿಯ ಒಂದು ರಾತ್ರಿ ಹಣದ ಚೀಲದೊಂದಿಗೆ ಸ್ಕೂಟರಿನಲ್ಲಿ ಬರುತ್ತಿದ್ದ ಅವರನ್ನು ಬೀದಿನಾಯಿಗಳು ಮನೆಯ ಬಾಗಿಲವರೆಗೂ ಅಟ್ಟಿಸಿಕೊಂಡು ಬಂದ ಮೇಲೆ. ಅರ್ಜಿಯಲ್ಲಿ ಮಾತ್ರ ನಾಯಿಗಳ ಸುದ್ದಿ ತೆಗೆಯಬಾರದೆಂದು ಕಾಕು ಮೊದಲೇ ತಾಕೀತು ಮಾಡಿದರು.

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮೊದಲು ಲೈಸೆನ್ಸು, ಆಮೇಲೆ ಆಯುಧ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕೆಂಬ ಶರತ್ತನ್ನು ಅರವತ್ತು ದಾಟಿದ ಕಾಕಾ ಸಲೀಸಾಗಿ ಪೂರೈಸಿದರು. ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸು ನಿರಾಕರಿಸುವಂತಿಲ್ಲವೆಂದು ಅದೇ ಕಾಯ್ದೆಯ 14ನೇ ಕಲಂ ಹೇಳುವುದನ್ನು ಓದಿ ಅವರಿಗೆ ಇನ್ನಷ್ಟು ನೆಮ್ಮದಿಯಾಯಿತು. ಮನೆ, ಹೊಲ, ಅಂಗಡಿಗಳೆಲ್ಲ ಕಾಕು ಅವರ ಹೆಸರಿನಲ್ಲಿವೆ. ಆಯುಧವನ್ನು ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆಯನ್ನೂ ಬರೆದುಕೊಟ್ಟರು. ಈ ವಿಷಯದಲ್ಲಿ ಬೀದರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ: 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾದೊಳಗೆ ಮದ್ದು ತುಂಬಿಟ್ಟು, ಹದಿನೇಳನೆಯ ಶತಮಾನದ ಕೊನೆಯಲ್ಲಿ ಅದು ಸಿಡಿದು ಹೋದ ಮಿನಾರಿನ ಜಾಗ ಇಂದಿಗೂ ಬರಿದಾಗಿಯೇ ಇದೆ. ಕಾಕಾ ಅವರ ರಿವಾಲ್ವರ್ ಕಬ್ಬಿಣದ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಕೀಲಿ ಕಾಕು ಅವರ ಸೊಂಟದಲ್ಲಿ ಇರಬೇಕೆಂದು ತೀರ್ಮಾನವಾಯಿತು. ಹಾಗಾದರೆ ಕಳ್ಳ ಬಂದಾಗ ಮೊದಲು ಯಾರನ್ನು ಎಬ್ಬಿಸಬೇಕೆಂದು ನಾನು ಕೇಳಿದ್ದಕ್ಕೆ ಇಬ್ಬರೂ ಉತ್ತರಿಸಲಿಲ್ಲ.

ತೊಡಕಾದದ್ದು ಆಯುಧ ಏಕೆ ಬೇಕೆಂಬ ಕಲಮಿನಲ್ಲಿ. ಬಹಳಷ್ಟು ನಗದು ಒಯ್ಯುತ್ತೇನೆಂದು ಕಾಕಾ ಬರೆದರು. ವಿಚಾರಣೆಗೆ ಬಂದ ಪೊಲೀಸರು ದಿನಕ್ಕೆ ಎಷ್ಟೆಂದು ವಿನಯದಿಂದ ಕೇಳಿದಾಗ, ಆದಾಯ ತೆರಿಗೆಯವರಿಗೆ ಕೊಟ್ಟ ಲೆಕ್ಕ ನೆನಪಿಗೆ ಬಂದು, ಈಗೆಲ್ಲ ಬ್ಯಾಂಕಿನ ಮೂಲಕವೇ ವ್ಯವಹಾರವೆಂದು ತಾವೇ ಒಪ್ಪಿಕೊಂಡರು. ಉಳಿದದ್ದು ಪ್ರಾಣಭಯ. ವೈರಿಗಳು ಯಾರೆಂಬ ಪ್ರಶ್ನೆಗೆ ಅವರು ಬಹಳ ಹೊತ್ತು ಯೋಚಿಸಿ, ಸತ್ತುಹೋದ ಇಬ್ಬರ ಹೆಸರು ಹೇಳಿದರು.

ಪೊಲೀಸರು ಓಣಿಯಲ್ಲಿ ವಿಚಾರಿಸುವಾಗ ಪ್ರತಿಯೊಬ್ಬರೂ ಒಳ್ಳೆಯ ಮಾತನ್ನೇ ಹೇಳಬೇಕೆಂದು ಕಾಕಾ ಮನೆಮನೆಗೆ ಹೋಗಿ ಕೇಳಿಕೊಂಡಿದ್ದರು. ಓಣಿಯವರು ಮಾತು ಉಳಿಸಿಕೊಂಡರು. ಕಿರಾಣಿ ಅಂಗಡಿಯವನಂತೂ, ‘ಸಾವ್ಕಾರ್ರು ಭಾರಿ ಛಲೋ ಮನಷ್ಯಾ ರೀ, ಅವ್ರಿಗಿ ಯಾರ್ ಏನ್ ಮಾಡ್ತಾರ್ರಿ?’ ಎಂದು ಪೊಲೀಸರನ್ನೇ ಗದರಿಸುವ ದನಿಯಲ್ಲಿ ಕೇಳಿದನಂತೆ. ಸನ್ನಡತೆಗೆ ಇಷ್ಟೊಂದು ಸಾಕ್ಷಿಗಳು ಸಿಕ್ಕಿದ್ದೇ ಕಾಕಾ ಅವರಿಗೆ ಮುಳುವಾಯಿತು: ಯಾರಿಂದಲೂ ಬೆದರಿಕೆ ಇರುವುದು ಕಂಡುಬಂದಿಲ್ಲವೆಂಬ ಕಾರಣ ನಮೂದಿಸಿ ಅರ್ಜಿಯನ್ನು ತಿರಸ್ಕರಿಸಲಾಯಿತು. ಯಾರೊಂದಿಗೂ ಜಗಳವಾಡಿರದ ಮನುಷ್ಯನಿಗೇ ಲೈಸೆನ್ಸು ಕೊಡಬೇಕು, ಆದರೆ ಅವನನ್ನು ಕೊಲ್ಲಲು ಯಾರಾದರೂ ಕಾದಿರಬೇಕು ಎಂಬ ಏರ್ಪಾಟಿನಲ್ಲಿ ತಪ್ಪೇನೂ ಇಲ್ಲವೆಂದೇ ನನ್ನ ಅಭಿಪ್ರಾಯ. ಕಾಕಾ ಅವರ ಎದುರಿಗೆ ಅದನ್ನು ಹೇಳುವುದಿಲ್ಲ. ಅವರಿಗೆ ಲೈಸೆನ್ಸು ತಪ್ಪಿದ್ದಕ್ಕಿಂತ, ಇಡೀ ಜಿಲ್ಲೆಯಲ್ಲಿ ತಮ್ಮನ್ನು ಲೆಕ್ಕಕ್ಕೆ ಹಿಡಿಯುವ ಒಬ್ಬ ವೈರಿಯೂ ಇಲ್ಲವೆಂದು ಸರ್ಕಾರ ಸಹಿ, ಮೊಹರು ಹಾಕಿ ತಿಳಿಸಿದ್ದೇ ಹೆಚ್ಚಿನ ಅವಮಾನವಾಗಿತ್ತು.

ಮೇಲ್ಮನವಿಗೆ 30 ದಿನಗಳ ಅವಕಾಶವಿತ್ತು. ಕಾಕಾ ನೇರವಾಗಿ ಭಾಲ್ಕಿ ಕಡೆಯ ಹೊಲಕ್ಕೆ ಹೋಗಿ, ಒಡ್ಡಿನ ವಿಷಯಕ್ಕೆ ಹಿಂದೊಮ್ಮೆ ತಕರಾರು ಮಾಡಿದ್ದ ಪಕ್ಕದ ಹೊಲದವನನ್ನು ಕಂಡು, ಚಹಾ ಕುಡಿಸಿ, ತಾನು ಧಮಕಿ ಹಾಕಿದ್ದು ನಿಜವೆಂದು ಒಂದು ಚೀಟಿ ಬರೆದುಕೊಡಬೇಕೆಂದು ಕೇಳಿಕೊಂಡರು. ಅವನು ಸ್ವಲ್ಪವೂ ಬೇಸರಪಟ್ಟುಕೊಳ್ಳಲಿಲ್ಲ. ‘ಬರಕೊಡ್ತೀನ್ರಿ ಸಾವ್ಕಾರ್ರ, ಖರೆ ನಾಳಿ ನಾನೂ ಲೈಸೆನ್ಸಿಗಿ ಅರ್ಜಿ ಹಾಕಾವ ಇದ್ದೀನಿ, ಆವಾಗ ನೀವೂ ನನಗ ಧಮಕಿ ಹಾಕೀರಂತ ಬರಕೊಡಬೇಕು’ ಎಂದನಂತೆ. ಹಾಗೆ ಬರೆದುಕೊಟ್ಟರೆ ತಮ್ಮ ಸನ್ನಡತೆಯ ಗತಿಯೇನಾಗುತ್ತದೆಂದು ಕೇಳಲು ಕಾಕಾ ವಕೀಲರ ಬಳಿಗೆ ಹೋಗಿದ್ದಾರೆ.