ಎರಡೂ ಮಾತ್ರೆ ಬಿಟ್ಟು ಹೋದಳು

ಬೆಳಿಗ್ಗೆಯಿಂದ ಸಿಟ್ಟು ಇಳಿಯುತ್ತಿಲ್ಲ. ಮೈಸೂರು ರಸ್ತೆಯ ಒಂದು ಮೆಡಿಕಲ್ ಶಾಪ್‌ನಲ್ಲಿ ನನ್ನ ಬಿಪಿ ಮಾತ್ರೆಗೆ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗಿ, ಕೊರಳಲ್ಲಿ ಗಾರ್ಮೆಂಟ್ಸ್ ಐಡಿ ಕಾರ್ಡ್. "ಅಣ್ಣ, ಫೋಲಿಕ್ ಆಸಿಡ್ ಕೊಡಿ. ಮಗು ಬೇಕು ಅಂತಿದ್ದೀವಿ, ಡಾಕ್ಟರಮ್ಮ ಈಗಿಂದ್ಲೇ ತಗೋ ಅಂದ್ರು" ಅಂದಳು. ಅಂಗಡಿಯವನು, "ಅದೆಲ್ಲ ಹಳೇದಮ್ಮ, ಮೈಗೆ ಹತ್ತಲ್ಲ. ಇದು ಆಕ್ಟಿವ್ ಫೋಲೇಟ್" ಅಂತ ಬೇರೆ ಸ್ಟ್ರಿಪ್ ಇಟ್ಟ. ಅವಳು ಬೆಲೆ ನೋಡಿದಳು. ಪರ್ಸ್ ತೆಗೆದು ಮತ್ತೆ ಮುಚ್ಚಿದಳು. "ಸಂಬಳ ಆದ್ಮೇಲೆ ಬರ್ತೀನಿ" ಅಂತ ಹೊರಟೇ ಹೋದಳು.

ಮೈಗೆ ಹತ್ತಲ್ಲವಂತೆ! ಯಾರು ಹೇಳಿದ್ದು?

ಫೋಲೇಟ್ ಅಂದರೆ ಒಂದು ಬಿ ವಿಟಮಿನ್. ಫೋಲಿಕ್ ಆಸಿಡ್ ಅದರದ್ದೇ ಮಾತ್ರೆ ರೂಪ. ಆಕ್ಟಿವ್ ಫೋಲೇಟ್ ಸುಳ್ಳಲ್ಲ. ಅದರ ಹೆಸರು ಮೀಥೈಲ್‌ಫೋಲೇಟ್. ನಮ್ಮ ರಕ್ತದಲ್ಲಿ ಓಡಾಡುವ ಫೋಲೇಟ್‌ನಲ್ಲಿ ಹೆಚ್ಚಿನದು ಅದೇ. ಬಿ12 ಅನ್ನೋ ಇನ್ನೊಂದು ವಿಟಮಿನ್ ಜೊತೆ ಸೇರಿ ಹೋಮೋಸಿಸ್ಟೀನ್ ಅನ್ನೋದನ್ನು ದೇಹಕ್ಕೆ ಬೇಕಾದ ಮೆಥಿಯೋನಿನ್ ಆಗಿ ಬದಲಿಸುತ್ತದೆ. ಹೊಸ ಜೀವಕೋಶ ಹುಟ್ಟಲು ಫೋಲೇಟ್ ಬೇಕೇ ಬೇಕು. ಆದರೆ ಅಗ್ಗದ ಫೋಲಿಕ್ ಆಸಿಡ್ ನುಂಗಿದರೂ ದೇಹವೇ ಅದನ್ನು ಈ ರೂಪಕ್ಕೆ ತಂದುಕೊಳ್ಳುತ್ತದೆ.

"ಕೆಲವರಿಗೆ ಎಂಟಿಎಚ್‌ಎಫ್‌ಆರ್ ಜೀನ್ ಬೇರೆ ಥರ ಇರುತ್ತೆ, ಅವರಿಗೆ ಆಗಲ್ಲ" ಅಂತ ಯಾರಾದರೂ ಹೇಳಬಹುದು. ಫೋಲೇಟನ್ನು ಮೀಥೈಲ್‌ಫೋಲೇಟ್ ಮಾಡುವ ಕಿಣ್ವ ತಯಾರಾಗುವುದು ಆ ಜೀನ್‌ನಿಂದ. ಅಂಥವರಲ್ಲಿ ಆ ಕಿಣ್ವ ನಿಧಾನ, ನಿಜ. ನಿಂತು ಹೋಗಿರುವುದಿಲ್ಲ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತಗೊಂಡರೆ ಅವರ ರಕ್ತದಲ್ಲೂ ಫೋಲೇಟ್ ಏರುತ್ತದೆ. ಮಗುವಿನ ಬೆನ್ನುಹುರಿಯ ದೋಷವನ್ನು ತಡೆಯುತ್ತದೆ ಅಂತ ದೊಡ್ಡ ಪರೀಕ್ಷೆಗಳಲ್ಲಿ ಸಾಬೀತಾಗಿರುವುದೂ ಫೋಲಿಕ್ ಆಸಿಡ್ಡೇ. 1991ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್, ಒಮ್ಮೆ ಅಂಥ ಮಗುವನ್ನು ಹೆತ್ತ ತಾಯಂದಿರಿಗೆ ದಿನಾ 4 ಮಿಲಿಗ್ರಾಂ ಕೊಟ್ಟು ನೋಡಿತು. ಮತ್ತೆ ಹಾಗಾಗುವುದು ಶೇ. 72ರಷ್ಟು ಕಡಿಮೆಯಾಯಿತು.

ನಾನೂ ಅಂಥ ತಾಯಿಯೇ. ಹಳೇ ಗೆಳತಿಯರಿಗೆ ಗೊತ್ತು. 1995ರಲ್ಲಿ ನನ್ನ ಮೊದಲ ಮಗು ಬೆನ್ನು ಮುಚ್ಚಿಕೊಳ್ಳದೆ ಹುಟ್ಟಿತು. ಹನ್ನೊಂದು ದಿನ ಇತ್ತು. ಬಸುರಿಗೆ ಮೊದಲೇ ಒಂದು ಮಾತ್ರೆ ತಗೋಬೇಕು ಅಂತ ನನಗೆ ಒಬ್ಬರೂ ಹೇಳಿರಲಿಲ್ಲ. ಮಗನ ಸಲ, ಅವನು ಹೊಟ್ಟೆಗೆ ಬರುವ ಮೊದಲಿಂದಲೇ ದಿನಾ ನುಂಗಿದ್ದು ಇದೇ ಹಳದಿ ಮಾತ್ರೆ.

ಸೊಪ್ಪು ಸಾಲದಾ ಅಂತ ನಮ್ಮತ್ತೆ ಕೇಳುತ್ತಿದ್ದರು. ಖಂಡಿತ ತಿನ್ನಿ. ಫೋಲೇಟ್ ನೀರಿಗೆ ಇಳಿಯುತ್ತದೆ, ಬಸ್ಸಾರಿನಲ್ಲಿ ಆ ನೀರೂ ಹೊಟ್ಟೆಗೆ ಹೋಗುತ್ತದೆ. ಆದರೆ ಬೇಯಿಸುವಾಗ ಒಂದಷ್ಟು ಹಾಳಾಗುತ್ತದೆ. ಮಗು ಬೇಕು ಅಂದುಕೊಂಡವರಿಗೆ ಮಾತ್ರೆಯೂ ಬೇಕು. ಮಾಂಸ, ಮೊಟ್ಟೆ ಮುಟ್ಟದವರು ಬಿ12 ಕೂಡ ನೋಡಿಸಿಕೊಳ್ಳಿ. ಅದು ಕಡಿಮೆಯಿದ್ದು ಫೋಲಿಕ್ ಆಸಿಡ್ ಮಾತ್ರ ತಗೊಂಡರೆ ರಕ್ತಹೀನತೆ ವಾಸಿಯಾದಂತೆ ಕಾಣುತ್ತದೆ, ಒಳಗೆ ನರ ಕೆಡುತ್ತಾ ಹೋಗಬಹುದು.

ಈ ವಿಟಮಿನ್ನಿನ ಕಥೆ ಶುರುವಾಗಿದ್ದೇ ನಮ್ಮ ದೇಶದಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಅನ್ನುವ ಡಾಕ್ಟರ್ ಬಾಂಬೆಗೆ ಬಂದು, ಬಟ್ಟೆ ಗಿರಣಿಯ ಬಸುರಿ ಹೆಂಗಸರಿಗೆ ರಕ್ತ ಯಾಕೆ ಕಡಿಮೆ ಅಂತ ಹುಡುಕಿದರು. ಅಂಥದೇ ಕೆಲಸದ ಹುಡುಗಿಗೆ ಇವತ್ತು ಈ ಬೆಂಗಳೂರಿನಲ್ಲಿ "ಹತ್ತಲ್ಲ" ಅಂತ ಹೇಳಿ ಕಳಿಸಿದ್ದಾರೆ. ನನಗೆ ಸಂಕಟ ಆಗುವುದು ಅಲ್ಲೇ.

ನಾನು ಒಂದು ಸ್ಟ್ರಿಪ್ ಫೋಲಿಕ್ ಆಸಿಡ್ ತಗೊಂಡು ಓಡಿದೆ. ಅಷ್ಟರಲ್ಲಿ ಅವಳು ಬಸ್ ಹತ್ತಿಯಾಗಿತ್ತು. ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳುವುದು ಗರ್ಭ ನಿಂತ 28 ದಿನದೊಳಗೆ. ಎಷ್ಟೋ ಜನಕ್ಕೆ ಅಷ್ಟರಲ್ಲಿ ಬಸುರಿ ಅಂತಲೇ ಗೊತ್ತಾಗಿರುವುದಿಲ್ಲ. ಅವಳ ಸಂಬಳಕ್ಕೆ ಇನ್ನೂ ಹದಿನೆಂಟು ದಿನ ಇದೆ. ಸ್ಟ್ರಿಪ್ ನನ್ನ ಬ್ಯಾಗಲ್ಲೇ ಇದೆ. ನಾಳೆ ಅದೇ ಹೊತ್ತಿಗೆ ಅದೇ ಬಸ್ ಸ್ಟಾಪಿಗೆ ಹೋಗಿ ನಿಲ್ಲುತ್ತೇನೆ.