ಬಚ್ಚಲಿಗೆ ಬಂದ ಗುಡ್ಡ

ಕಲೆಯನ್ನು ಜನರ ಹತ್ತಿರ ಒಯ್ಯಬೇಕು ಅಂತ ಭಾಷಣ ಬಿಗಿಯುವವರೆಲ್ಲ ಒಮ್ಮೆ ಅಮೆರಿಕದ ಇಂಡಿಯಾನಾಕ್ಕೆ ಹೋಗಿ ವಾಲ್ಪರೈಸೊ ವಿಶ್ವವಿದ್ಯಾಲಯಕ್ಕೆ ಅಡ್ಡಬಿದ್ದು ಬರಬೇಕು. ಅವರು ಕಲೆಯನ್ನು ಸೀದಾ ಹಾಸ್ಟೆಲ್ಲಿಗೇ ಒಯ್ಯಲು ಹೊರಟವರು. ಮ್ಯೂಸಿಯಮ್ಮಿನ ಮೂರು ಪೇಂಟಿಂಗ್ ಮಾರುವುದು, ಬಂದ ದುಡ್ಡಲ್ಲಿ ಮೊದಲ ವರ್ಷದ ಮಕ್ಕಳ ಹಾಸ್ಟೆಲ್ ರಿಪೇರಿ ಮಾಡಿಸುವುದು. 2023ರಲ್ಲಿ ಸುದ್ದಿ ಹೊರಬಿತ್ತು, 2024ರಲ್ಲಿ ಮ್ಯೂಸಿಯಮ್ಮಿಗೆ ಬೀಗ ಬಿತ್ತು, ಅದೇ ವರ್ಷ ಕೋರ್ಟೂ ಆಗಲಿ ಅಂದಿತು.

‘ಸಂಗ್ರಹವನ್ನು ಸಮುದಾಯದೊಂದಿಗೆ ಬೆಸೆಯುವುದು’ ಅನ್ನುವುದು ಈಗ ಕಾಲೇಜು ಮ್ಯೂಸಿಯಂಗಳ ಮಂತ್ರ. ನಮ್ಮ ಕಿವಿಗೆ ಇದು ಬೇರೆ ಥರ ಕೇಳಿಸುತ್ತದೆ. ಸಮುದಾಯ ಅಂದರೆ ನಮ್ಮ ಪೇಪರಿನವರು ಜಾತಿಗೆ ಇಟ್ಟ ಮರ್ಯಾದೆಯ ಹೆಸರು. ಸಮುದಾಯ ಭವನ ಅಂದರೆ ಮದುವೆ ಛತ್ರ. ಅದರ ಸಂಗ್ರಹ ಅಂದರೆ ಸ್ಟೋರ್‌ರೂಮಿನ ಕೊಳಗ, ಸೌಟು, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ. ಅಲ್ಲಿ ಬೆಸೆಯುವ ಕೆಲಸಕ್ಕೆ ನಿರ್ದೇಶಕರೇ ಬೇಡ. ಪ್ರತಿ ಮದುವೆಗೂ ಎರಡೆರಡು ಸೌಟು ತಾವಾಗಿಯೇ ಸಮುದಾಯದ ಮನೆ ಸೇರುತ್ತವೆ.

ಇರಲಿ. ಮಾರಾಟದ ಪಟ್ಟಿಯಲ್ಲಿ ಅಮೆರಿಕದ ಚಿತ್ರಕಾರರಾದ ಚೈಲ್ಡ್ ಹ್ಯಾಸಮ್‌ನದು ಒಂದು ಚಿತ್ರ, ಫ್ರೆಡರಿಕ್ ಚರ್ಚ್‌ನದು ಒಂದು. (ಲೂಥರನ್ ಪಂಥದ ಕ್ರೈಸ್ತ ಸಂಸ್ಥೆಯೊಂದು ಚರ್ಚನ್ನೇ ಮಾರುತ್ತಿದೆ ಅಂತ ಯಾರೂ ಗಲಾಟೆ ಮಾಡಿದ್ದು ಕಾಣೆ.) ಮುಖ್ಯ ಸರಕು ಮೂರನೆಯದು: ಜಾರ್ಜಿಯಾ ಓಕೀಫ್ 1930ರಲ್ಲಿ ಬರೆದ ‘ರಸ್ಟ್ ರೆಡ್ ಹಿಲ್ಸ್’, ನ್ಯೂ ಮೆಕ್ಸಿಕೊದ ತುಕ್ಕುಗೆಂಪು ಗುಡ್ಡಗಳು. 1962ರಲ್ಲಿ 5,700 ಡಾಲರಿಗೆ ಕೊಂಡದ್ದು. ಮಾರಾಟದ ಸುದ್ದಿ ಬಂದಾಗ ಕೋಟಿ ಡಾಲರ್ ದಾಟುತ್ತದೆ ಅಂತ ಅಂದಾಜಿತ್ತು.

ಮಾರಲು ಒಂದು ಕಾರಣ ಬೇಕಲ್ಲ, ಅದು ಸಿಕ್ಕಿದ ರೀತಿಗೆ ನಾನು ಸಾಷ್ಟಾಂಗ ಶರಣು. 1953ರಲ್ಲಿ ಪರ್ಸಿ ಸ್ಲೋನ್ ಅನ್ನುವ ದಾನಿ ಚಿತ್ರಗಳನ್ನೂ ದುಡ್ಡನ್ನೂ ಕೊಟ್ಟು, ಈ ದುಡ್ಡಲ್ಲಿ ಸಂಪ್ರದಾಯಸ್ಥ ಶೈಲಿಯ ಅಮೆರಿಕನ್ ಚಿತ್ರ ಕೊಳ್ಳಿ ಅಂದಿದ್ದರು. ವಿಶ್ವವಿದ್ಯಾಲಯ ಕೋರ್ಟಿನಲ್ಲಿ ವಾದಿಸಿತು: ಓಕೀಫ್, ಹ್ಯಾಸಮ್ ಇಬ್ಬರೂ ಸಂಪ್ರದಾಯಸ್ಥರಲ್ಲ, ಇವನ್ನು ಕೊಂಡದ್ದೇ ತಪ್ಪು! ಅರವತ್ತು ವರ್ಷ ಸಂಸಾರ ಮಾಡಿ, ಮೊಮ್ಮಕ್ಕಳ ಮದುವೆಯನ್ನೂ ಮುಗಿಸಿ, ‘ನಮ್ಮಿಬ್ಬರ ಜಾತಕ ಕೂಡಿಯೇ ಇರಲಿಲ್ಲ ಕಣ್ರೀ’ ಅಂದ ಹಾಗಾಯಿತು. ಜಾತಕ ನೋಡಿದ್ದು ಯಾವಾಗ? ಹೆಂಡತಿಯ ಒಡವೆಗೆ ರೇಟು ಬಂದಮೇಲೆ.

ಹಾಸ್ಟೆಲ್ ರಿಪೇರಿ ಆಗಬಾರದು ಅನ್ನುವ ಕಟುಕ ನಾನಲ್ಲ. ನಾನಿದ್ದ ಹಾಸ್ಟೆಲ್ಲಿನಲ್ಲಿ ನಲವತ್ತು ಹುಡುಗರಿಗೆ ಮೂರು ಬಚ್ಚಲು, ಚಿಲಕ ಇದ್ದದ್ದು ಒಂದಕ್ಕೆ. ಉಳಿದೆರಡರಲ್ಲಿ ಸ್ನಾನ ಮುಗಿಯುವವರೆಗೂ ಜೋರಾಗಿ ಹಾಡುತ್ತಿರಬೇಕು, ಹಾಡು ನಿಂತರೆ ಬಾಗಿಲು ತೆರೆಯುತ್ತಿತ್ತು. ನಲ್ಲಿ ತಿರುಗಿಸಿದರೆ ಮೊದಲು ಬರುವುದು ಕೆಂಪು ನೀರು. ನೂರು ಎಣಿಸಿ ಬಕೆಟ್ ಇಡು ಅಂತ ಸೀನಿಯರ್‌ಗಳ ಉಪದೇಶ. ನನ್ನ ಬನಿಯನ್‌ಗಳೆಲ್ಲ ಕಾವಿಗೆ ತಿರುಗಿದ್ದವು. ವಾರ್ಡನ್ನರಿಗೆ ಹೇಳಿದರೆ, ‘ಕಬ್ಬಿಣದ ಅಂಶ ಕಣಯ್ಯ, ಮೈಗೆ ಒಳ್ಳೇದು’ ಅಂದರು. ಮಾರೋಣವೆಂದರೆ ನಮ್ಮ ಗೋಡೆಯಲ್ಲಿದ್ದದ್ದು ದಿನಸಿ ಅಂಗಡಿಯ ಕ್ಯಾಲೆಂಡರ್ ಒಂದೇ.

ಇಂಡಿಯಾನಾದ ಪಕ್ಕದ ರಾಜ್ಯ ಓಹಾಯೊ. ಅಲ್ಲಿ ಓಬರ್ಲಿನ್ ಕಾಲೇಜಿದೆ. 1940ರಿಂದ ಅದರ ಮ್ಯೂಸಿಯಂ ವಿದ್ಯಾರ್ಥಿಗಳಿಗೆ ಅಸಲಿ ಕಲಾಕೃತಿಗಳನ್ನೇ ಬಾಡಿಗೆಗೆ ಕೊಡುತ್ತಿದೆ, ಸೆಮಿಸ್ಟರಿಗೆ ಐದು ಡಾಲರ್. ಹುಡುಗರು ರಾತ್ರಿಯೆಲ್ಲ ಹೊರಗೆ ಮಲಗಿ ಕ್ಯೂ ಹಿಡಿದು, ಬೆಳಿಗ್ಗೆ ಪಿಕಾಸೊನನ್ನು ಕಂಕುಳಲ್ಲಿಟ್ಟುಕೊಂಡು ರೂಮಿಗೆ ಹೋಗುತ್ತಾರೆ. ಮ್ಯಾಗಿ ತಿನ್ನುವಾಗ, ಸಾಕ್ಸ್ ಒಣಹಾಕುವಾಗ, ಫೇಲಾದಾಗ ಎದುರಿಗೆ ಪಿಕಾಸೊ. ಹಾಸ್ಟೆಲ್ಲಿಗೆ ಚಿತ್ರ ಕೊಡಲು ಹೀಗೂ ಒಂದು ದಾರಿ ಇತ್ತು ಅಂತ ವಾಲ್ಪರೈಸೊದವರಿಗೆ ಯಾರೂ ಹೇಳಲಿಲ್ಲವೇನೋ.

ವಾಲ್ಪರೈಸೊದ ಆ ಮ್ಯೂಸಿಯಮ್ಮಿನ ಹೆಸರು ಬ್ರೌವರ್ ಮ್ಯೂಸಿಯಂ. ರಿಚರ್ಡ್ ಬ್ರೌವರ್ 1961ರಲ್ಲಿ ಅಲ್ಲಿಗೆ ಮೇಷ್ಟ್ರಾಗಿ ಬಂದು ದಶಕಗಟ್ಟಲೆ ಆ ಸಂಗ್ರಹವನ್ನು ಬೆಳೆಸಿದವರು. ಮಾರಾಟದ ಸುದ್ದಿ ಬಂದಾಗ ಅವರಿಗೆ 95 ವರ್ಷ. ಮಾರುವುದಾದರೆ ನನ್ನ ಹೆಸರು ತೆಗೆದುಬಿಡಿ ಅಂದರು. ಇನ್ನೊಬ್ಬ ನಿವೃತ್ತ ಮೇಷ್ಟ್ರ ಜೊತೆ ಕೋರ್ಟಿಗೂ ಹೋದರು. ದಾವೆ ಹೂಡುವ ಹಕ್ಕೇ ನಿಮಗಿಲ್ಲ ಅಂತ ಅರ್ಜಿ ವಜಾ ಆಯಿತು. ಇಲ್ಲಿ ನನಗೆ ನಗು ಬರುವುದಿಲ್ಲ. ಬದುಕಿಡೀ ಆ ಚಿತ್ರಗಳನ್ನು ಕಾಯ್ದ ಮನುಷ್ಯನಿಗೆ ಅದರ ಬಗ್ಗೆ ಮಾತಾಡುವ ಹಕ್ಕಿಲ್ಲ ಅಂದಮೇಲೆ ಯಾವ ಸಮುದಾಯ, ಯಾರ ಸಮುದಾಯ? ಕಾನೂನಿನ ಪ್ರಕಾರ ಸರಿಯೇ ಇರಬಹುದು. ನಾಚಿಕೆ ಅನ್ನುವುದು ಯಾವ ಕಲಮಿನಡಿ ಬರುತ್ತದೋ.

ಕಟ್ಟಡದಿಂದ ಹೆಸರಿನ ಬೋರ್ಡು ಇಳಿಸಲು ಹೆಚ್ಚು ಖರ್ಚಿಲ್ಲ, ನಾಲ್ಕು ಸ್ಕ್ರೂ ಬಿಚ್ಚಿದರೆ ಸಾಕು. ಮುಂದೆ ಆ ಹಾಸ್ಟೆಲ್ಲಿಗೆ ಬರುವ ಹುಡುಗನಿಗೆ ಮಾತ್ರ ಒಂದು ಕಿವಿಮಾತು. ಮೊದಲ ದಿನ ನಲ್ಲಿ ತಿರುಗಿಸಿದಾಗ ಕೆಂಪು ನೀರು ಬಂದರೆ ವಾರ್ಡನ್ನರ ಹತ್ತಿರ ಓಡಬೇಡಪ್ಪ. ಅದು ತುಕ್ಕಲ್ಲ, ಓಕೀಫ್. ನೂರು ಎಣಿಸಿ ಬಕೆಟ್ ಇಡು.