ಯಾವ ಯೋಜನ?

ನಿನ್ನೆ ಒಂದು ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋಗಿದ್ದೆ. ಏಳನೇ ಕ್ಲಾಸಿನ ಹುಡುಗನೊಬ್ಬನ ಚಾರ್ಟಿನ ಮುಂದೆ ನಿಂತವನು ಅರ್ಧ ಗಂಟೆ ಕದಲಲಿಲ್ಲ. ಮನೆಗೆ ಬಂದರೂ ಸಿಟ್ಟು ಇಳಿದಿಲ್ಲ. ಹುಡುಗನ ಮೇಲಲ್ಲ, ಅದನ್ನು ಬರೆಸಿದ ದೊಡ್ಡವರ ಮೇಲೆ.

ಚಾರ್ಟಿನಲ್ಲಿ ಎರಡು ಲೆಕ್ಕ ಇತ್ತು. ಮೊದಲನೆಯದು ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತದೆ. ಹನುಮಾನ್ ಚಾಲೀಸಾದ "ಯುಗ ಸಹಸ್ರ ಯೋಜನ ಪರ ಭಾನು" ಅನ್ನುವ ಸಾಲು ತಗೊಂಡು, ಅದು ಸೂರ್ಯನ ದೂರ ಅಂತ ಹೇಳಿ, ಯುಗಕ್ಕೆ 12,000, ಸಹಸ್ರಕ್ಕೆ 1,000, ಯೋಜನ ಅನ್ನುವ ಹಳೆಯ ದೂರದ ಅಳತೆಗೆ 8 ಮೈಲಿ ಅಂತ ಗುಣಿಸಿದರೆ 9 ಕೋಟಿ 60 ಲಕ್ಷ ಮೈಲಿ. ಸೂರ್ಯನ ನಿಜವಾದ ದೂರ ಸುಮಾರು 9 ಕೋಟಿ 30 ಲಕ್ಷ ಮೈಲಿ. ಎರಡನೆಯದು ನಮ್ಮ ವಿಜಯನಗರದ ಸಾಯಣರ ಹೆಸರಿನಲ್ಲಿ. ಋಗ್ವೇದದ ಭಾಷ್ಯದಲ್ಲಿ ಅವರು ಸೂರ್ಯನಿಗೆ ನಮಸ್ಕಾರ ಹೇಳುವ ಮಾತೊಂದನ್ನು ಕೊಟ್ಟಿದ್ದಾರೆ. ಅರ್ಧ ನಿಮೇಷದಲ್ಲಿ 2,202 ಯೋಜನ ಸಾಗುವವನೇ ಅಂತ. ನಿಮೇಷ ಅಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು, ನಮ್ಮ ಗಡಿಯಾರದ ನಿಮಿಷ ಅಲ್ಲ. ಇದನ್ನು ಬೆಳಕಿನ ವೇಗ ಅಂತ ಮಾಡಿ ಸೆಕೆಂಡಿಗೆ 1,86,000 ಮೈಲಿ ತರಬೇಕಾದರೆ ಯೋಜನಕ್ಕೆ 9 ಮೈಲಿ ಬೇಕು. 8 ಹಾಕಿದರೆ 1,65,000ಕ್ಕೇ ನಿಂತುಬಿಡುತ್ತದೆ. ಹಾಗಾಗಿ ಚಾರ್ಟಿನಲ್ಲಿ 9 ಹಾಕಿದ್ದರು.

ಒಂದೇ ಚಾರ್ಟು. ಮೇಲೆ ಯೋಜನಕ್ಕೆ 8 ಮೈಲಿ, ಕೆಳಗೆ 9!

ಹೂವಿನವಳು ಅಳೆಯುವಾಗ ಮೊಳ ಒಂದು ಬೆರಳು ಕಮ್ಮಿ ಆದರೂ ನಾವು ಜಗಳಕ್ಕೆ ನಿಲ್ಲುತ್ತೇವೆ ಅಲ್ವಾ? ಆಕಾಶ ಅಳೆಯುವಾಗ ಯಾಕೆ ಸುಮ್ನೆ ಇರುತ್ತೇವೆ? ಅಷ್ಟೇ ಅಲ್ಲ, ಆ 12,000 ಅನ್ನೋದು ವರ್ಷಗಳ ಲೆಕ್ಕ. ವರ್ಷವನ್ನು ಮೈಲಿಯಿಂದ ಗುಣಿಸಿದರೆ ದೂರ ಹೇಗೆ ಬರುತ್ತದೆ? ಚಾಲೀಸಾ ನಾನೂ ಹೇಳುತ್ತೇನೆ. ಸೂರ್ಯನನ್ನು ಸಿಹಿ ಹಣ್ಣು ಅಂತ ನುಂಗಿದ ಮಗುವಿನ ಚಿತ್ರ ಅದು. ಅದಕ್ಕೆ ಸ್ಕೇಲು ಹಿಡಿಯುವುದೇ ನನಗೆ ನೋವು.

ಇದನ್ನು ಹೇಳಲು ನನಗೆ ಒಂದು ಕಾರಣ ಇದೆ. ಪಾಠ ಮಾಡುತ್ತಿದ್ದ ಕಾಲದಲ್ಲಿ ನಾನೇ ಒಂದು ವೇದಿಕೆ ಮೇಲೆ ಸಾಯಣರ ಲೆಕ್ಕ ಹೇಳಿ ಚಪ್ಪಾಳೆ ತಗೊಂಡಿದ್ದೆ. ಹತ್ತನೇ ಕ್ಲಾಸಿನ ಹುಡುಗಿ ಎದ್ದು, "ಸಾರ್, ಅದು ಯಾವ ಯೋಜನ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೇ ನಾನು ಆರ್ಯಭಟನನ್ನು ಸರಿಯಾಗಿ ಓದಿದ್ದು.

ಅವನು ಯೋಜನ ಅಂದರೆ ಏನು ಅಂತ ಮೊದಲೇ ಹೇಳುತ್ತಾನೆ. 8,000 ಆಳುದ್ದ. ಭೂಮಿಯ ಅಡ್ಡಳತೆ 1,050 ಯೋಜನ, ಚಂದ್ರನದು 315. ಒಂದನ್ನು ಇನ್ನೊಂದರಿಂದ ಭಾಗಿಸಿ. ಯೋಜನ ಎಷ್ಟು ಉದ್ದ ಅನ್ನುವ ಪ್ರಶ್ನೆಯೇ ಹೊರಟುಹೋಗುತ್ತದೆ. ಉಳಿಯುವುದು 0.30. ಇವತ್ತಿನ ಲೆಕ್ಕ 0.27. ಚಂದ್ರನ ದೂರ ಅವನ ಪ್ರಕಾರ ಭೂಮಿಯ ತ್ರಿಜ್ಯದ ಸುಮಾರು 65 ಪಟ್ಟು. ನಿಜ ಸುಮಾರು 60. 499ನೇ ಇಸವಿಯ ಪುಸ್ತಕ ಇದು. ಮೈ ಜುಮ್ ಅನ್ನಲ್ವಾ? ಮೈಲಿಯ ಹಂಗೇ ಬೇಕಿಲ್ಲ.

ಸೂರ್ಯನ ವಿಷಯದಲ್ಲಿ ಅವನು ತಪ್ಪಿದ. ಎಲ್ಲ ಗ್ರಹಗಳೂ ದಿನಕ್ಕೆ ಅಷ್ಟಷ್ಟೇ ಯೋಜನ ಓಡುತ್ತವೆ ಅಂತ ನಂಬಿದ್ದರು. ಸೂರ್ಯನ ಒಂದು ಸುತ್ತಿಗೆ ಚಂದ್ರನ ಸುತ್ತಿನ ಸುಮಾರು 13 ಪಟ್ಟು ಹೊತ್ತು ಬೇಕು, ಹಾಗಾಗಿ ಸೂರ್ಯ ಚಂದ್ರನಿಗಿಂತ 13 ಪಟ್ಟು ದೂರಕ್ಕೆ ಬಂದ. ನಿಜಕ್ಕೂ ಸುಮಾರು 390 ಪಟ್ಟು. ಈ ತಪ್ಪನ್ನೂ ಮಕ್ಕಳಿಗೆ ಹೇಳಬೇಕು. ಯಾಕೆ ತಪ್ಪಾಯಿತು ಅನ್ನುವುದರಲ್ಲೇ ಒಂದು ಒಳ್ಳೆಯ ಪಾಠ ಇದೆ. ಇನ್ನು ಸೂರ್ಯಸಿದ್ಧಾಂತ ಅನ್ನುವ ಇನ್ನೊಂದು ಹಳೆಯ ಖಗೋಳ ಗ್ರಂಥ ಭೂಮಿಯ ಅಡ್ಡಳತೆಗೆ 1,600 ಯೋಜನ ಅನ್ನುತ್ತದೆ. ಅಲ್ಲಿ ಯೋಜನ ಸುಮಾರು 8 ಕಿಲೋಮೀಟರ್, ಅಂದರೆ 5 ಮೈಲಿ. ಆರ್ಯಭಟನದು ಸುಮಾರು 12 ಕಿಲೋಮೀಟರ್. ಅದಕ್ಕೇ ಕೇಳಬೇಕು, ಯಾವ ಯೋಜನ ಅಂತ.

"ಮಕ್ಕಳಿಗೆ ಹೆಮ್ಮೆ ಬರುತ್ತದೆ, ನಿಮಗೇನು ಕಷ್ಟ?" ಅಂತ ಅಲ್ಲಿದ್ದವರೊಬ್ಬರು ಕೇಳಿದರು. ಕಷ್ಟ ಇದೆ. ಈ ಹುಡುಗ ನಾಲ್ಕು ವರ್ಷ ಬಿಟ್ಟು ತಾನೇ ಗುಣಿಸಿ ನೋಡುತ್ತಾನೆ. 8 ಮತ್ತು 9 ಕಣ್ಣಿಗೆ ಬೀಳುತ್ತದೆ. ಆವತ್ತು ಅವನು ಆ 0.30 ಅನ್ನೂ ನಂಬುವುದಿಲ್ಲ.

ಹಳೆಯ ಅಳತೆ ಬೇಡ ಅಂತ ನಾನು ಹೇಳುತ್ತಿಲ್ಲ. ನನಗೆ ಅವು ಪ್ರಾಣ. ನಮ್ಮಜ್ಜಿ ಸಂತೆಗೆ ಎರಡು ಹರದಾರಿ ನಡೆಯುತ್ತಿದ್ದಳು. ಹರದಾರಿ ಅಂದರೆ ಮೂರು ಮೈಲಿ. ಕಿಲೋಮೀಟರಿನಲ್ಲಿ ಹೇಳಿದರೆ ನನಗೆ ಸಂಖ್ಯೆ ಕಾಣುತ್ತದೆ. ಹರದಾರಿ ಅಂದರೆ ಅಜ್ಜಿಯ ಕಾಲು ನೆನಪಾಗುತ್ತದೆ.

ಆ ಹುಡುಗನಿಗೂ ಹರದಾರಿ ಹೇಳಿಕೊಟ್ಟೆ. ಚಾರ್ಟಿನ ಹಿಂದೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಚಂದ್ರನಿಗೆ ಸುಮಾರು 80 ಸಾವಿರ ಹರದಾರಿ. ದಿನಕ್ಕೆ ಐದು ನಡೆದರೆ 16,000 ದಿನ. ಹತ್ತಿರ ಹತ್ತಿರ 44 ವರ್ಷ. ಸೂರ್ಯನಿಗೆ ಅದೇ ನಡಿಗೆಯಲ್ಲಿ 17,000 ವರ್ಷ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬೆರಳು ಮಡಚಿ ಎಣಿಸಿ, "ಸಾರ್, ಇವತ್ತು ಹೊರಟರೆ ನನ್ನ 56ನೇ ವಯಸ್ಸಿಗೆ ಚಂದ್ರನ ಹತ್ತಿರ ಇರ್ತೀನಿ" ಅಂದ. ಸ್ಕೆಚ್ ಪೆನ್ ತಗೊಂಡು ಚಾರ್ಟಿನ ಕೆಳಗಿದ್ದ ಖಾಲಿ ಜಾಗದಲ್ಲಿ ಅದನ್ನೇ ಬರೆದ. ಮೊದಲು ಒಂದು ಸಾಲು, ಹರದಾರಿ ಅಂದರೆ ಮೂರು ಮೈಲಿ ಅಂತ.